ಪಟ್ಟಿರಾಯರು

ಶ್ರೀಕ್ಷೇತ್ರ ಧರ್ಮಸ್ಥಳದಲ್ಲಿ ದರ್ಶನಕ್ಕೆಂದು ಸಾಲಿನಲ್ಲಿ ನಿಂತಿರುವಷ್ಟು ಹೊತ್ತು ಎಲ್ಲರೂ ಏಕನಿಷ್ಠ ಭಕ್ತರೇ ಆದರೂ, ಪ್ರಸಾದವನ್ನು ಚೀಲಕ್ಕೆ ಸೇರಿಸಿ ಅಂಗಡಿ ಸಾಲಿಗೆ ಕಾಲಿಟ್ಟ ಮರುಕ್ಷಣವೇ ಅವರಲ್ಲಿ ನಾನಾ ಪಂಥಗಳು ಹುಟ್ಟಿಕೊಳ್ಳುತ್ತವೆ. ಹೆಂಗಸರು ಬಳೆ ಕುಂಕುಮಗಳತ್ತಲೂ, ಮಕ್ಕಳು ಪೀಪಿ ಬಲೂನುಗಳತ್ತಲೂ, ತರುಣರು ರುದ್ರಾಕ್ಷಿಯ ಕೈಸರಗಳತ್ತಲೂ ಹಂಚಿಹೋದ ಮೇಲೆ, ಯಾವ ಪಂಥಕ್ಕೂ ಸೇರದೆ, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ವಾಚಿನ ನೈಲಾನು ಪಟ್ಟಿಗಳನ್ನು ತೂಗುಹಾಕಿದ ಒಂದು ತಂತಿಯ ಮುಂದೆ ಧ್ಯಾನಾಸಕ್ತನಾಗಿ ನಿಂತುಬಿಡುವ ವಯೋವೃದ್ಧ ಗೃಹಸ್ಥನೊಬ್ಬನು ಉಳಿಯುತ್ತಾನೆ. ಇಂಥವನು ಬಂಟ್ವಾಳದಲ್ಲಿಯೂ ಇದ್ದಾನೆ, ಮೂಡುಬಿದಿರೆಯಲ್ಲಿಯೂ ಇದ್ದಾನೆ, ಬೆಳ್ತಂಗಡಿಯಲ್ಲಂತೂ ಬೀದಿಗೊಬ್ಬನಿದ್ದಾನೆ. ನಿವೃತ್ತ ಉಪಾಧ್ಯಾಯನಾಗಿರಬಹುದು, ಸಹಕಾರಿ ಸಂಘದ ಹಳೆಯ ಗುಮಾಸ್ತನಾಗಿರಬಹುದು; ಊರು ಉದ್ಯೋಗಗಳು ಬೇರೆಯಾದರೂ ಸ್ವಭಾವವೊಂದೇ ಆದುದರಿಂದ, ಅವನನ್ನು ಪಟ್ಟಿರಾಯರೆಂದು ಗೌರವ ಬಹುವಚನದಲ್ಲಿ ಕರೆಯುವುದು ಉಚಿತ.

ರಾಯರ ಮಣಿಕಟ್ಟಿನಲ್ಲಿರುವುದು ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ಕಟ್ಟಲು ಆರಂಭಿಸಿ, 1961ರಲ್ಲಿ ಪಂಡಿತ ನೆಹರೂ ಅವರ ಹಸ್ತದಿಂದ ತನ್ನ ಮೊದಲ ಗಡಿಯಾರಗಳನ್ನು ಲೋಕಕ್ಕೆ ಅರ್ಪಿಸಿದ ಆ ಕಾರ್ಖಾನೆ, ನಾಡಿನ ಅಳಿಯಂದಿರ ಪೈಕಿ ಅರ್ಧಕ್ಕರ್ಧ ಮಂದಿಗೆ ಮಾವಂದಿರ ಮೂಲಕ ಕಾಲಜ್ಞಾನವನ್ನು ಕರುಣಿಸಿ, 2016ರಲ್ಲಿ ಸರಕಾರದ ನಿರ್ಧಾರದಂತೆ ಬಾಗಿಲೆಳೆದುಕೊಂಡಿತು. ರಾಯರ ಗಡಿಯಾರ ಮಾತ್ರ ಆ ನಿರ್ಧಾರಕ್ಕೆ ತಲೆಬಾಗಲಿಲ್ಲ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವುದೆಂಬ ಒಂದು ದೌರ್ಬಲ್ಯವನ್ನು ಬಿಟ್ಟರೆ, ಪ್ರಾತಃಕಾಲ ಕೀ ಕೊಟ್ಟರೆ ಮರುದಿನ ಪ್ರಾತಃಕಾಲದವರೆಗೆ ಅದು ತನ್ನ ಪಾಡಿಗೆ ತಾನು ನಡೆಯುತ್ತದೆ. ಅದನ್ನು ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸುವ ಖರ್ಚನ್ನು ರಾಯರು ದುಂದು ಎಂದು ಭಾವಿಸುತ್ತಾರೆ. ಅದಕ್ಕೆ ವರ್ಷಕ್ಕೆರಡು ಬಾರಿ, ಶಿವರಾತ್ರಿಗೊಮ್ಮೆ ಮತ್ತು ಕಾರ್ತಿಕದ ಲಕ್ಷದೀಪೋತ್ಸವಕ್ಕೊಮ್ಮೆ, ಹೊಸ ಪಟ್ಟಿ ತೊಡಿಸುವುದನ್ನು ಕರ್ತವ್ಯವೆಂದು ಭಾವಿಸುತ್ತಾರೆ. ಈ ವಿರೋಧಾಭಾಸಕ್ಕೆ ನಾನು ಕಂಡುಕೊಂಡ ಕಾರಣವಿಷ್ಟೇ: ಗಡಿಯಾರ ಮಾವನವರು ಆರಿಸಿದ್ದು, ಮನೆ ತಂದೆಯವರು ಕಟ್ಟಿಸಿದ್ದು, ಅಂಗಿಯ ಬಟ್ಟೆ ಮಡದಿ ಮೆಚ್ಚಿದ್ದು, ಜೀವನದಲ್ಲಿ ರಾಯರು ಯಾರನ್ನೂ ಕೇಳದೆ ಆರಿಸಿಕೊಳ್ಳುವ ವಸ್ತು ಈ ಒಂದು ಗೇಣುದ್ದದ ಪಟ್ಟಿ ಮಾತ್ರ.

ಹಾಗೆಂದು ಅದನ್ನು ಕೇವಲ ಚಪಲವೆಂದು ಯಾರಾದರೂ ಅಂದರೆ ರಾಯರು ಸುಮ್ಮನಿರುವವರಲ್ಲ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ಚರ್ಮದ ಪಟ್ಟಿಯನ್ನು ಕಟ್ಟುವವನು ಆಟಿ ತಿಂಗಳು ಕಳೆಯುವಷ್ಟರಲ್ಲಿ ತನ್ನ ಮಣಿಕಟ್ಟಿನ ಮೇಲೆ ಹಸಿರು ಬೂಷ್ಟಿನ ತೋಟವೊಂದನ್ನು ಬೆಳೆಸಿಕೊಂಡಿರುತ್ತಾನೆಂಬುದು ಅವರ ಪ್ರಥಮ ವಾದ. ಸ್ಟೀಲಿನ ಚೈನು ರೋಮಗಳನ್ನು ಬೇರುಸಹಿತ ಕೀಳುವುದಲ್ಲದೆ, ಬೆವರಿನೊಡನೆ ಸೇರಿ ಕರಿ ಕಲೆಯನ್ನೂ ಬಿಡುವುದೆಂಬುದು ದ್ವಿತೀಯ. ತೃತೀಯವಾದುದು ಸ್ವಲ್ಪ ಗಹನ: ಶಿವನ ಸನ್ನಿಧಿ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರ ಆಡಳಿತ, ಇಂಥ ಕ್ಷೇತ್ರಕ್ಕೆ ಹೋಗುವಾಗ ಸತ್ತ ಪ್ರಾಣಿಯ ತೊಗಲನ್ನು ಕೈಗೆ ಕಟ್ಟಿಕೊಳ್ಳುವುದು ಯಾವ ಮತಕ್ಕೆ ಒಪ್ಪಿಗೆಯಾದೀತು? ನೈಲಾನಾದರೋ, 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಕರೋದರ್ಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯತ್ನದಿಂದ ಅವತರಿಸಿದುದು. ಅದಕ್ಕೆ ತಾಯಿಯಿಲ್ಲ, ತಂದೆಯಿಲ್ಲ, ಹಿಂಸೆಯಿಲ್ಲ, ಮೈಲಿಗೆಯಿಲ್ಲ. ಆ ರಸಾಯನಶಾಸ್ತ್ರಜ್ಞನಿಗೆ ತಾನು ಇಷ್ಟು ಮಡಿವಂತ ಪದಾರ್ಥವನ್ನು ಸೃಷ್ಟಿಸಿದ್ದೇನೆಂಬ ಅರಿವಿದ್ದಿರಲಾರದು.

ನೇತ್ರಾವತಿಯಲ್ಲಿ ಮಿಂದು, ಬಸ್ಸು ಹಿಡಿದು ಕ್ಷೇತ್ರಕ್ಕೆ ಬಂದು ಸಾಲಿನಲ್ಲಿ ನಿಂತಾಗ ರಾಯರ ಪಟ್ಟಿಗೆ ನಿಜವಾದ ಪರೀಕ್ಷೆ ಒದಗುತ್ತದೆ. ಗಂಡಸರು ಅಂಗಿ ಬನಿಯನುಗಳನ್ನು ಕಳಚಿಯೇ ಒಳಗೆ ಹೋಗಬೇಕೆಂಬ ನಿಯಮದಿಂದಾಗಿ, ಸೊಂಟದಿಂದ ಮೇಲಕ್ಕೆ ಮನುಷ್ಯನಲ್ಲಿ ಉಳಿಯುವ ಅಲಂಕಾರವೆಂದರೆ ಕೊರಳಿನ ಸರ ಅಥವಾ ದಾರ ಮತ್ತು ಮಣಿಕಟ್ಟಿನ ಗಡಿಯಾರ. ಬೇರೆಡೆ ತೋಳಂಗಿಯ ಮರೆಯಲ್ಲಿ ಅಡಗಿಕೊಂಡಿರುವ ಮನುಷ್ಯರ ಅಂತಸ್ತು ಇಲ್ಲಿ ಕೈಯ ಮೇಲೆ ಬಯಲಾಗಿ ನಿಲ್ಲುತ್ತದೆ. ಮುಂದೆ ನಿಂತ ಗುತ್ತಿಗೆದಾರನ ಹಳದಿ ಚೈನು, ಹಿಂದೆ ನಿಂತ ತರುಣನ, ಹೃದಯದ ಬಡಿತವನ್ನೂ ಎಣಿಸಿ ತೋರಿಸುವ, ರಬ್ಬರು ಪಟ್ಟಿಯ ಚೌಕ ವಾಚು, ಇವೆರಡರ ನಡುವೆ, ಆರು ತಿಂಗಳ ಸಾಬೂನಿಗೆ ಬಣ್ಣಗೆಟ್ಟು ಅಂಚಿನಲ್ಲಿ ನೂಲೆದ್ದ ತಮ್ಮ ಪಟ್ಟಿಯನ್ನು ರಾಯರು ಸರದಿ ಸರಿಯುವಷ್ಟು ಹೊತ್ತೂ ದಿಟ್ಟಿಸುತ್ತಾರೆ. ಮಂಜುನಾಥನ ಎದುರು ನಿಲ್ಲುವ ಆ ಕ್ಷಣಾರ್ಧದಲ್ಲಿ ಅವರು ಏನನ್ನು ಬೇಡಿಕೊಳ್ಳುತ್ತಾರೋ ನಾವು ವಿಚಾರಿಸಬಾರದು. ಹೊರಗೆ ಬಂದು ಅಂಗಿ ತೊಡುವಾಗ ಅವರ ಸಂಕಲ್ಪವಂತೂ ದೃಢವಾಗಿರುತ್ತದೆ.

ಇನ್ನು ವ್ಯಾಪಾರ. ಭರತಖಂಡದ ಇತರ ಸ್ಥಳಗಳಲ್ಲಿ ಚೌಕಾಸಿಯೆಂಬ ಕಲೆ ಅಸತ್ಯದ ಅಡಿಪಾಯದ ಮೇಲೆ ನಿಂತಿದೆ. ‘ನಿನ್ನೆ ತಾನೇ ಐವತ್ತಕ್ಕೆ ಕೊಂಡೆ’ ಎಂದು ಗಿರಾಕಿಯೂ, ‘ಅಸಲೇ ಎಪ್ಪತ್ತೈದು ಬಿದ್ದಿದೆ’ ಎಂದು ಅಂಗಡಿಯವನೂ ನಿರ್ವಿಕಾರಚಿತ್ತದಿಂದ ಹೇಳಿ, ಪರಸ್ಪರ ನಂಬದೆ, ಸುಖವಾಗಿ ಬೇರೆಯಾಗುತ್ತಾರೆ. ಆದರೆ ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಎಂಬ ನುಡಿ ಪ್ರತಿಯೊಂದು ಮನೆಯಲ್ಲಿಯೂ ಚಾಲ್ತಿಯಲ್ಲಿರುವ ಈ ಜಿಲ್ಲೆಯಲ್ಲಿ, ಗದ್ದೆಯ ಗಡಿಯಿಂದ ಹಿಡಿದು ಸಾಲದ ಬಾಕಿಯವರೆಗೆ ಯಾವ ವ್ಯಾಜ್ಯ ಎದ್ದರೂ ‘ಧರ್ಮಸ್ಥಳಕ್ಕೆ ಬಾ, ಆಣೆ ಇಡು’ ಎಂಬ ಒಂದು ಮಾತಿಗೆ ಎದುರಾಳಿ ತೊದಲಲಾರಂಭಿಸುವ ಈ ಸೀಮೆಯಲ್ಲಿ, ದೇವಸ್ಥಾನದಿಂದ ಕೂಗಳತೆಯ ದೂರದಲ್ಲಿ ನಿಂತು ಹತ್ತು ರೂಪಾಯಿಗಾಗಿ ಸುಳ್ಳು ಹೇಳುವ ಎದೆಗಾರಿಕೆ ಯಾರಿಗಿದೆ? ಆದಕಾರಣ ಇಲ್ಲಿಯ ಚೌಕಾಸಿ ಒಂದು ವಿಶಿಷ್ಟ ಸೌಜನ್ಯವನ್ನು ಪಡೆದಿದೆ.

“ಎಂಬತ್ತು ಉಂಟು,” ಎನ್ನುತ್ತಾನೆ ಅಂಗಡಿಯವನು.

“ಬೆಳ್ತಂಗಡಿಯಲ್ಲಿ ಕೇಳಿದರೆ ಐವತ್ತಕ್ಕೆ ಕೊಟ್ಟಾರು,” ಎನ್ನುತ್ತಾರೆ ರಾಯರು, ಬೆಳ್ತಂಗಡಿಯಲ್ಲಿ ಕೇಳದೆ ಬಂದ ಎಚ್ಚರಿಕೆಯಿಂದ.

“ಐವತ್ತಕ್ಕೆ ಅಸಲು ಹುಟ್ಟಲಿಕ್ಕಿಲ್ಲ ಮಾರಾಯ್ರೆ.”

“ಅರುವತ್ತಕ್ಕೆ ಹುಟ್ಟೀತು.”

“ಎಪ್ಪತ್ತಾದರೆ ನೋಡಬಹುದು.”

“ಬಣ್ಣ ಬಿಡುತ್ತದೆಯೆ?”

“ಬಿಡಲಿಕ್ಕಿಲ್ಲ.”

ಹೀಗೆ ಇಬ್ಬರೂ ಸಂಭಾವನಾರ್ಥಕ ಕ್ರಿಯಾಪದಗಳ ಗೆರೆ ದಾಟದೆ, ಸತ್ಯಕ್ಕೆ ಲವಲೇಶವೂ ಭಂಗ ಬಾರದಂತೆ ಎಪ್ಪತ್ತಕ್ಕೆ ಬಂದು ನಿಲ್ಲುತ್ತಾರೆ. ಅನ್ನಪೂರ್ಣ ಛತ್ರದಲ್ಲಿ ಊಟ ಮುಗಿಸಿ ಕೈ ತೊಳೆದು ರಾಯರು ಬಸ್ಸು ಹತ್ತಿ, ಉಜಿರೆ ತಲಪುವಷ್ಟರಲ್ಲಿ ಒದ್ದೆಯಾದ ಪಟ್ಟಿಯ ಕೆಳಗೆ ಮಣಿಕಟ್ಟಿನ ಸುತ್ತ ಒಂದು ನೀಲಿ ಬಳೆ ಮೂಡಿರುತ್ತದೆ. ಅವರಿಗೆ ಅಂಗಡಿಯವನ ಮೇಲೆ ಕೋಪ ಬರುವುದಿಲ್ಲ. ಅವನು ಬಿಡಲಿಕ್ಕಿಲ್ಲ ಎಂದಿದ್ದನೇ ಹೊರತು ಬಿಡುವುದಿಲ್ಲ ಎಂದಿರಲಿಲ್ಲ.

ಮನೆಯಲ್ಲಿ ಮರುದಿನ ನಡೆಯುವ ಕಾರ್ಯವನ್ನು ಹತ್ತಿರದಿಂದ ನೋಡಬೇಕು. ಕಾರ್ಖಾನೆಯವರು ಕೊರೆದ ತೂತುಗಳು ಯಾವುದೋ ಪೈಲ್ವಾನನ ತೋಳಿಗೆ ತಕ್ಕವಾದುದರಿಂದ, ರಾಯರ ಸಣಕಲು ಕೈಗೆ ಹೊಸ ತೂತೊಂದು ಬೇಕೇ ಬೇಕು. ಸೂಜಿಯಿಂದ ಚುಚ್ಚಿದರೆ ನೂಲು ಬಿಚ್ಚಿಕೊಳ್ಳುತ್ತದೆ. ಅವರು ದೇವರ ಮುಂದೆ ಹಚ್ಚಿದ ಊದುಬತ್ತಿಯನ್ನು ಎರಡು ನಿಮಿಷದ ಮಟ್ಟಿಗೆ ಕಡ ತಂದು, ಬೂದಿಯನ್ನು ಕೊಡವಿ, ಉಸಿರು ಬಿಗಿಹಿಡಿದು, ಅದರ ಕೆಂಡದ ತುದಿಯನ್ನು ಪೆನ್ಸಿಲಿನಿಂದ ಗುರುತು ಮಾಡಿದ ಬಿಂದುವಿಗೆ ತಾಗಿಸುತ್ತಾರೆ. ನೈಲಾನು ಕರಗಿ, ಸಣ್ಣ ಹೊಗೆಯೆದ್ದು, ಅಂಚು ಗಟ್ಟಿಯಾಗಿ ಮುದುರಿಕೊಂಡ ದುಂಡನೆಯ ತೂತು ಏರ್ಪಡುತ್ತದೆ. ಶ್ರೀಗಂಧದ ಪರಿಮಳವೂ ಪ್ಲಾಸ್ಟಿಕ್ಕಿನ ಕಮಟೂ ಕೂಡಿದ ಆ ವಾಸನೆ ದೇವರ ಕೋಣೆಯಿಂದ ಹೊರಟು ಅಡುಗೆಮನೆ ಮುಟ್ಟಿದೊಡನೆ, “ಗಡಿಯಾರವೇ ಸರಿಯಿಲ್ಲ, ಅದಕ್ಕೆ ಸೊಂಟಪಟ್ಟಿ ಬೇರೆ,” ಎಂಬ ಅಶರೀರವಾಣಿ ಅಲ್ಲಿಂದ ಹೊರಡುವುದು ವಾಡಿಕೆ. ಬಿಡುಗಡೆ ಹೊಂದಿದ ಹಳೆಯ ಪಟ್ಟಿ ಬಿಸ್ಕತ್ತಿನ ಡಬ್ಬಿಯನ್ನು ಸೇರುತ್ತದೆ. ಡಬ್ಬಿಯಿಂದ ಅವು ಒಂದೊಂದಾಗಿ ಪುನರ್ಜನ್ಮ ತಾಳಿ, ಕೊಡೆಯ ಬಾಯಿ ಕಟ್ಟುವುದಕ್ಕೂ, ಬೀಗದಕೈ ಗೊಂಚಲಿಗೂ, ಒಮ್ಮೆ ಬೆಕ್ಕಿನ ಮರಿಯ ಕೊರಳಿಗೂ ಸೇವೆ ಸಲ್ಲಿಸಿವೆ.

ಬೆಂಗಳೂರಿನಲ್ಲಿರುವ ಮೊಮ್ಮಗನಿಂದ ರಾಯರಿಗೆ ಈಚೆಗೆ ಒಂದು ಚಾರಿತ್ರಿಕ ಮಾಹಿತಿ ದೊರೆತು, ಅವರ ನಡಿಗೆಯ ಠೀವಿಯೇ ಬದಲಾಗಿದೆ. ಗಡಿಯಾರದ ಬೆನ್ನ ಹಿಂದಿನಿಂದ ಒಂದೇ ತುಂಡಾಗಿ ಹಾದುಹೋಗುವ ಇಂಥ ಪಟ್ಟಿಯನ್ನು ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನ್ಯಕ್ಕಾಗಿ ಬೂದು ಬಣ್ಣದಲ್ಲಿ ಗೊತ್ತುಮಾಡಿತಂತೆ. ಸೈನಿಕನು ಜಿ1098 ಎಂಬ ಅರ್ಜಿಯನ್ನು ತುಂಬಿಯೇ ಅದನ್ನು ಪಡೆಯಬೇಕಿತ್ತಂತೆ. ಒಂದು ಕಡೆಯ ಪಿನ್ನು ಮುರಿದರೂ ಇನ್ನೊಂದು ಕಡೆಯ ಪಿನ್ನು ಗಡಿಯಾರವನ್ನು ಕೆಳಗೆ ಬೀಳಗೊಡುವುದಿಲ್ಲವಂತೆ. ಅದಕ್ಕೂ ಮೊದಲು, 1964ರ ‘ಗೋಲ್ಡ್‌ಫಿಂಗರ್’ ಚಿತ್ರದಲ್ಲಿ ಶಾನ್ ಕಾನರಿ ಪಟ್ಟೆಪಟ್ಟೆಯ ನೈಲಾನು ಪಟ್ಟಿಯನ್ನು, ಅದೂ ಗಡಿಯಾರದ ಕಿವಿಗಳ ಅಂತರಕ್ಕಿಂತ ಕಿರಿದಾದುದನ್ನು, ಕಟ್ಟಿಕೊಂಡಿದ್ದನಂತೆ. ರಾಯರ ಜನತಾ ಗಡಿಯಾರಕ್ಕೆ ಬೇಕಾದುದು 18 ಮಿಲಿಮೀಟರು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು 16. ಎರಡೂ ಬದಿಯಲ್ಲಿ ಪಿನ್ನು ಇಣುಕುವ ಆ ದಾರಿದ್ರ್ಯವನ್ನು ಇಷ್ಟು ವರ್ಷ ಬೆರಳಿನಿಂದ ಮುಚ್ಚಿಕೊಳ್ಳುತ್ತಿದ್ದ ರಾಯರು, ಈಗ ಅದನ್ನು ಜನರ ಕಣ್ಣಿಗೆ ಬೀಳುವಂತೆ ಕೈ ತಿರುಗಿಸಿ ಗಂಟೆ ನೋಡುತ್ತಾರೆ. ಅರ್ಜಿಯ ಸಂಗತಿ ಮಾತ್ರ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದೆ; ಸರಕಾರಿ ನಮೂನೆಯನ್ನು ತುಂಬದೆ ಪಡೆದ ವಸ್ತುವಿನಲ್ಲಿ ಅವರಿಗೆ ಪೂರ್ಣ ವಿಶ್ವಾಸ ಹುಟ್ಟುವುದಿಲ್ಲ.

ಕಳೆದ ದೀಪೋತ್ಸವಕ್ಕೆ ಅದೇ ಮೊಮ್ಮಗ ಜೊತೆಗೆ ಬಂದಿದ್ದನು. ಕಾರ್ಕಳದ ರೆಂಜಾಳ ಗೋಪಾಲ ಶೆಣೈಯವರು ಕೆತ್ತಿ, 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯ ಎದುರು, ರತ್ನಗಿರಿಯ ಮೇಲೆ ಇಬ್ಬರೂ ನಿಂತಿದ್ದಾಗ, ಸರ್ವಸ್ವವನ್ನೂ ತ್ಯಜಿಸಿ ಕಾಲದ ಪರಿವೆಯಿಲ್ಲದೆ ನಿಂತ ಆ ಮಹಾಮೂರ್ತಿಯನ್ನು ತೋರಿಸಿ, “ಅಜ್ಜ, ನೋಡಿ, ಇವರಿಗೆ ವಾಚೂ ಇಲ್ಲ, ಪಟ್ಟಿಯೂ ಇಲ್ಲ,” ಎಂದು ಹುಡುಗ ಕೆಣಕಿದನು. ರಾಯರು ತಲೆಯೆತ್ತಿ, ಕಾಲಿನಿಂದ ತೋಳಿನವರೆಗೆ ಹಬ್ಬಿದ ಬಳ್ಳಿಯನ್ನು ಭಕ್ತಿಯಿಂದ ನೋಡಿ, “ಬಳ್ಳಿಯುಂಟಲ್ಲ ಮಾರಾಯ, ಚರ್ಮ ಅಲ್ಲ,” ಎಂದರು.

ಈ ಉತ್ತರಕ್ಕೆ ಸೋತೋ ಏನೋ, ಮೊಮ್ಮಗ ಊರಿಗೆ ಹಿಂದಿರುಗಿ 2100 ರೂಪಾಯಿಯ ಅಸಲಿ ಚರ್ಮದ ಪಟ್ಟಿಯೊಂದನ್ನು ಅಂಚೆಯಲ್ಲಿ ಕಳುಹಿಸಿಕೊಟ್ಟನು. ಬೆಲೆಯ ಚೀಟಿಯನ್ನು ಕೀಳಲು ಮರೆತಿದ್ದನು. ರಾಯರು ಚಾವಡಿಯಲ್ಲಿ ಕುಳಿತು, ಬಸ್ಸಿನ ಟಿಕೆಟ್ಟಿನ ಬೆನ್ನ ಮೇಲೆ ಅದನ್ನು ಎಪ್ಪತ್ತರಿಂದ ಭಾಗಿಸಿದರು. ಮೂವತ್ತು, ಶೇಷ ಸೊನ್ನೆ. ವರ್ಷಕ್ಕೆ ಎರಡರಂತೆ ಹದಿನೈದು ವರ್ಷ. ಈಗ ಎಪ್ಪತ್ತೆಂಟು; ತೊಂಬತ್ತಮೂರರವರೆಗೆ ನಿಶ್ಚಿಂತೆಯಿಂದ ಸಾಗಬಹುದಾಗಿದ್ದ ಹಣ ಒಂದೇ ತೊಗಲಿನ ತುಂಡಿಗೆ ಆಹುತಿಯಾಯಿತಲ್ಲ ಎಂದು ನಿಟ್ಟುಸಿರಿಟ್ಟು, ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದರು. ಅಷ್ಟು ವರ್ಷ ಗಡಿಯಾರ ಬಾಳಿಕೆ ಬರುವುದೇ ಎಂಬ ಸಂದೇಹವೊಂದು ಆಮೇಲೆ ಅವರನ್ನು ಬಾಧಿಸಿತು. ತಮ್ಮ ವಿಷಯದಲ್ಲಿ ಅಂಥ ಸಂದೇಹವೇನೂ ಬರಲಿಲ್ಲ.