ಬ್ರೀಡರ್ ಅಂಕಲ್

ಬೆಂಗಳೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ, ನೀರಿನ ಟ್ಯಾಂಕರಿನಷ್ಟೇ ಖಾತ್ರಿಯಾಗಿ ಒಬ್ಬ ಬ್ರೀಡರ್ ಅಂಕಲ್ ಸಿಗುತ್ತಾರೆ. ಗೇಟಿನ ಮೇಲೆ 'ನಾಯಿ ಇದೆ, ಎಚ್ಚರಿಕೆ' ಎಂಬ ಫಲಕ. 'ಮರಿ ಮಾರಾಟಕ್ಕಿದೆ' ಎಂಬುದು ಮಾತ್ರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ. "ಬಿಸಿನೆಸ್ ಅಲ್ಲ ಸಾರ್, ಪ್ಯಾಷನ್ನು" ಎನ್ನುತ್ತಾರೆ. ಪ್ಯಾಷನ್ನಿಗೆ ರಸೀದಿ ಕೊಡುವ ಪದ್ಧತಿಯಿಲ್ಲ. ದುಡ್ಡು ಹೋಗುವುದೂ ಭಾಮೈದನ ನಂಬರಿಗೆ.

ತಾರಸಿಯ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ಮಗ್ಗುಲಲ್ಲಿ, ಸ್ವೀಟಿ ಎಂಬ ಲ್ಯಾಬ್ರಡಾರ್ ಇದ್ದಾಳೆ. "ನಮಗೆ ಹೆಣ್ಣುಮಕ್ಕಳಿಲ್ಲ, ಇವಳೇ ಮಗಳು." ಆ ಮಗಳಿಗೆ ವರ್ಷ ತುಂಬುವ ಮೊದಲೇ ಮದುವೆಯಾಯಿತು. 18 ತಿಂಗಳಾಗದ ಹೆಣ್ಣುನಾಯಿಗೆ ಮರಿ ಹಾಕಿಸಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ, ನೋಂದಣಿಯಂತೂ ಆಗಲೇಬೇಕು ಎಂದು ಕೇಂದ್ರ ಸರ್ಕಾರ 2017ರಲ್ಲೇ ನಿಯಮ ಮಾಡಿದೆ. "ಅದೆಲ್ಲ ಕಮರ್ಷಿಯಲ್ ಬ್ರೀಡರ್‌ಗಳಿಗೆ. ನಮ್ಮದು ಫ್ಯಾಮಿಲಿ." ಫ್ಯಾಮಿಲಿಯಲ್ಲಿ ವರ್ಷಕ್ಕೆರಡು ಬಾಣಂತನ ನಡೆಯುತ್ತದೆ. ಅಂಕಲ್ ಖುದ್ದು ನಿಂತು ಆರೈಕೆ ಮಾಡುತ್ತಾರೆ: ಮೊಟ್ಟೆ, ಕ್ಯಾಲ್ಸಿಯಂ, ಮುಂದಿನ ಬೆದೆಯ ತಾರೀಖಿಗೆ ಕ್ಯಾಲೆಂಡರಿನಲ್ಲೊಂದು ಕೆಂಪು ಗುರುತು.

ಸ್ವಂತ ಮಗನಿಗೆ ಹೆಣ್ಣು ನೋಡುವಾಗ ಇದೇ ಅಂಕಲ್ ಗೋತ್ರ, ನಕ್ಷತ್ರ, ಕೊನೆಗೆ ಹುಡುಗಿಯ ಸೋದರಮಾವನ ಬಿಪಿಯವರೆಗೂ ವಿಚಾರಿಸಿದವರು. ಸ್ವೀಟಿಗೆ ಗಂಡು ನೋಡುವಾಗ ವಿಚಾರಿಸಿದ್ದು ಆಟೋ ಚಾರ್ಜನ್ನು ಮಾತ್ರ. ಪಕ್ಕದ ಬೀದಿಯಲ್ಲೇ ಬ್ರೂನೋ ಇದ್ದ, ಅವಳ ಒಡಹುಟ್ಟಿದವನು. "ಲೈನ್ ಪ್ಯೂರ್ ಆಗಿರುತ್ತೆ" ಎಂದು ಸಗೋತ್ರ ವಿವಾಹವನ್ನು ಮುಗಿಸಿಬಿಟ್ಟರು. ಹುಟ್ಟಿದ ಮರಿಯೊಂದು ವರ್ಷದೊಳಗೆ ಹಿಂಗಾಲು ಎಳೆಯತೊಡಗಿದಾಗ ಡಾಕ್ಟರು ಹಿಪ್ ಡಿಸ್‌ಪ್ಲೇಸಿಯಾ, ವಂಶದಲ್ಲೇ ಬರುವಂಥದ್ದು ಎಂದರು. ಅಂಕಲ್ ಮಾತ್ರ ಕೊಂಡವರನ್ನೇ ತರಾಟೆಗೆ ತೆಗೆದುಕೊಂಡರು: "ಮನೆ ತುಂಬ ಟೈಲ್ಸ್ ಹಾಕಿಸಿದ್ದೀರಿ, ಜಾರದೇ ಇನ್ನೇನು?"

ಕಾಲಕ್ಕೆ ತಕ್ಕ ತಳಿ ಅವರ ಶಾಸ್ತ್ರ. 2003ರಲ್ಲಿ ಹಚ್ ಜಾಹೀರಾತಿನ ಪಗ್ ಹುಡುಗನ ಹಿಂದೆ ಹೋಯಿತು, ಅಂಕಲ್ ಪಗ್ಗಿನ ಹಿಂದೆ ಹೋದರು. ನಡುವೆ ಒಂದಷ್ಟು ಕಾಲ ಸೈಬೀರಿಯಾದ ಹಸ್ಕಿಗೆ ಕೂಲರ್ ಹಾಕಿ ಕೂರಿಸಿದ್ದರು. 2022ರಲ್ಲಿ '777 ಚಾರ್ಲಿ' ನೋಡಿ ಬಿಕ್ಕಿ ಬಿಕ್ಕಿ ಅತ್ತರು. ಚಾರ್ಲಿ ತಪ್ಪಿಸಿಕೊಂಡು ಓಡಿಬಂದದ್ದು ತಮ್ಮಂಥದೇ ಒಬ್ಬ ಬ್ರೀಡರನ ಕೈಯಿಂದ ಎಂಬುದು ಆ ಅಳುವಿನಲ್ಲಿ ಅವರ ಕಣ್ಣಿಗೆ ಬೀಳಲಿಲ್ಲ. ಕಣ್ಣೊರೆಸಿಕೊಂಡು ಥಿಯೇಟರಿನಿಂದ ಹೊರಬಂದವರು ಲ್ಯಾಬ್ ಮರಿಯ ರೇಟು ಏರಿಸಿದರು.

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಂಕಲ್ ಒಂದು ತಿಂಗಳಿಗೇ ಕೈ ತೊಳೆದುಕೊಳ್ಳುತ್ತಾರೆ, ಅಲ್ಲಿಂದಾಚೆ ಮರಿಗೆ ಹೊಟ್ಟೆ ಜಾಸ್ತಿ, ಮುದ್ದು ಕಮ್ಮಿ. "ಹೆವಿ ಬೋನ್ ಸಾರ್, ಇಂಪೋರ್ಟ್ ಲೈನ್. ವಿತ್ ಪೇಪರ್ರಾ, ವಿತೌಟ್ ಪೇಪರ್ರಾ?" ಪೇಪರ್ ತೋರಿಸಿ ಎಂದರೆ ಸ್ವೀಟಿಯ ಅಜ್ಜನ ಸರ್ಟಿಫಿಕೇಟಿನ ಜೆರಾಕ್ಸ್ ಬರುತ್ತದೆ.

ಕೊಂಡವರೇನು ಕಮ್ಮಿಯಿಲ್ಲ. ಮಗಳ ಬರ್ತ್‌ಡೇಗೆಂದು ಒಯ್ದ ಉಂಡೆಯಂಥ ಮರಿ ಮೂವತ್ತು ಕೆಜಿಯಾಗಿ ಸೋಫಾ ಬಗೆದ ದಿನ ಅವರಿಗೆ ಕೂದಲಿನ ಅಲರ್ಜಿ ಶುರುವಾಗುತ್ತದೆ. ಫೋನು ಅಂಕಲ್‌ಗೆ. "ಯೋಚನೆ ಮಾಡಬೇಡಿ, ಕನಕಪುರ ರಸ್ತೆಯಲ್ಲಿ ನಮ್ಮವರ ಫಾರ್ಮ್‌ಹೌಸಿದೆ." ಆ ಫಾರ್ಮ್‌ಹೌಸನ್ನು ಕಂಡವರಿಲ್ಲ. ಕುಂಟುವ ಲ್ಯಾಬ್, ಉಸಿರು ಕಟ್ಟುವ ಪಗ್, ಮಾರಾಟವಾಗದೆ ಉಳಿದವು, ಎಲ್ಲವೂ ಅಲ್ಲೇ ಸುಖವಾಗಿವೆಯಂತೆ. ಇಷ್ಟು ನಾಯಿಗಳು ಹಿಡಿಸಬೇಕೆಂದರೆ ಅದು ಕನಕಪುರ ದಾಟಿ ಮಳವಳ್ಳಿಯವರೆಗೆ ಹಬ್ಬಿರಬೇಕು.

ಆರನೆಯ ಸೂಲಿನ ನಂತರ ಸ್ವೀಟಿಯೂ ಫಾರ್ಮ್‌ಹೌಸಿಗೆ ಹೋದಳು.

ಕಳೆದ ತಿಂಗಳು ಬಡಾವಣೆಯ ಸಂಘದವರು ಬೀದಿನಾಯಿಗಳ ಕಾಟದ ಬಗ್ಗೆ ಸಭೆ ಕರೆದರು. ಮನವಿಪತ್ರಕ್ಕೆ ಮೊದಲ ಸಹಿ ಅಂಕಲ್‌ದೇ. ಅದರಲ್ಲಿ ಎರಡನೇ ಪ್ಯಾರಾ ಬರೆಸಿದವರೂ ಅವರೇ: 'ಹೊರಗಿನವರು ಸಾಕಿದ ನಾಯಿಗಳನ್ನು ತಂದು ನಮ್ಮ ಬೀದಿಯಲ್ಲಿ ಬಿಡುತ್ತಿದ್ದು...' ಅಷ್ಟರಲ್ಲಿ, ಉದ್ಯಾನದ ಗೇಟಿನಿಂದ ಮೊಲೆ ಜೋತುಬಿದ್ದ ಹೊಂಬಣ್ಣದ ಮುದಿ ನಾಯಿಯೊಂದು ನೇರ ಬಂದು ಅಂಕಲ್ ಪ್ಯಾಂಟಿಗೆ ಮೂಗೊತ್ತಿ ಬಾಲ ಆಡಿಸತೊಡಗಿತು. ಸಭೆಯೆಲ್ಲ ಅವರನ್ನೇ ನೋಡಿತು.

"ನನ್ನನ್ನು ಕಂಡರೆ ಯಾವ ನಾಯಿಯಾದರೂ ಹೀಗೇ ಸಾರ್, ಪ್ರೀತಿ ಅವಕ್ಕೆ ಗೊತ್ತಾಗುತ್ತೆ" ಎಂದು ಅಂಕಲ್ ಕಾಲು ಕೊಡವಿಕೊಂಡರು. ಫೋನು ರಿಂಗಾಯಿತು. "ಹಲೋ, ಹೇಳಿ ಮೇಡಂ... ಇದೆ ಇದೆ, ಎರಡು ಮೇಲ್ ಉಳಿದಿದೆ."