‘ಡೇಟಾ ವರ್ಗಾವಣೆ, 1 ಬಾಬ್ತು’ ಎಂದು ಬರೆಯುವ ಮಹನೀಯರಿಗೆ ಬಹಿರಂಗ ಪತ್ರ

ಟೆಂಡರ್ ಸಿದ್ಧಪಡಿಸುವ ಸಮಿತಿಯ ಮಾನ್ಯ ಸದಸ್ಯರೇ,

ಕುರ್ಚಿಗೆ ಎಷ್ಟು ಚಕ್ರ, ಯುಪಿಎಸ್‌ಗೆ ಎಷ್ಟು ಬ್ಯಾಟರಿ ಎಂದು ಪುಟಗಟ್ಟಲೆ ಬರೆಯುವ ತಾವು, ಹಳೆಯ ಗಣಕದ ಲೆಕ್ಕವನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸಕ್ಕೆ ಒಂದೇ ಸಾಲು ಕೊಡುತ್ತೀರಿ. ಈ ಸಂಯಮಕ್ಕೆ ನಮಸ್ಕಾರ. ಮಾಹಿತಿ ಬೇರೆ, ಅದನ್ನು ಓದುವ ಕ್ರಮ ಬೇರೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಸಾಗಿಸಿದರೆ ತಲುಪುವುದು ಬರೀ ಅಂಕಿ ಎಂಬುದಷ್ಟೇ ನನ್ನ ತಕರಾರು.

ಉದಾಹರಣೆಗೆ, ಐಬಿಎಂ ಕಂಪನಿ 1964ರಲ್ಲಿ ಸಿಸ್ಟಂ/360 ಮೇನ್‌ಫ್ರೇಮ್ ತಂದಾಗ ಅದರ ಅಕ್ಷರ ಸಂಕೇತ ಎಬ್ಸಿಡಿಕ್. ಅದರಲ್ಲಿ ಇಂಗ್ಲಿಷಿನ ದೊಡ್ಡ ‘ಎ’ಗೆ 193, ಉಳಿದ ಲೋಕದ ಆಸ್ಕಿಯಲ್ಲಿ 65. ಕೋಷ್ಟಕವಿಟ್ಟು ಬದಲಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ಅಕ್ಷರಗಳ ಮಟ್ಟಿಗೆ ಮುಗಿಯಿತು. ಆದರೆ ಮೇನ್‌ಫ್ರೇಮಿನಲ್ಲಿ ಹಣದ ಮೊತ್ತವನ್ನು ಒಂದು ಬೈಟಿಗೆ ಎರಡು ಅಂಕಿಯಂತೆ ಒತ್ತಿ ತುಂಬಿ, ಕೊನೆಯ ಅರ್ಧ ಬೈಟಿನಲ್ಲಿ ಜಮೆಯೋ ಬಾಕಿಯೋ ಎಂಬ ಗುರುತಿಡುವ ಪದ್ಧತಿಯಿದೆ. 5 ಅಂಕಿಗೆ ಜಮೆಯ ಗುರುತು ಸೇರಿದ ಬೈಟು, ಅಕ್ಷರಗಳ ಕೋಷ್ಟಕದ ಕಣ್ಣಿಗೆ ನಕ್ಷತ್ರ ಚಿಹ್ನೆ. ಕೋಷ್ಟಕ ಅದನ್ನು ಶ್ರದ್ಧೆಯಿಂದ ಆಸ್ಕಿಯ ನಕ್ಷತ್ರವಾಗಿಸುತ್ತದೆ. ಆ ಬೈಟಿನಲ್ಲಿ 5 ಇದ್ದ ಕಡೆ ಈಗ 2. ಯಾವ ಯಂತ್ರವೂ ಕೂಗಿಕೊಳ್ಳುವುದಿಲ್ಲ. ಯಾವ ಅಂಕಣ ಅಕ್ಷರ, ಯಾವುದು ಮೊತ್ತ ಎಂಬ ವಿವರಪಟ್ಟಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಮೇನ್‌ಫ್ರೇಮ್ ದೂರದ ಮಾತೆನಿಸಿದರೆ ಹಾಸನ ಜಿಲ್ಲೆಯ ಅರಸೀಕೆರೆಗೆ ಬನ್ನಿ. ಒಂದು ತೆಂಗಿನ ತೋಟದ ಪಹಣಿಯಲ್ಲಿ ವಿಸ್ತೀರ್ಣ 2-20 ಎಂದಿದೆ ಎನ್ನೋಣ. 40 ಗುಂಟೆಗೆ ಎಕರೆ ಎಂದು ಬಲ್ಲ ರೈತನಿಗೆ ಅದು ಎರಡೂವರೆ ಎಕರೆ. ನಡುವಿನ ಗೆರೆಯನ್ನು ದಶಮಾಂಶದ ಚುಕ್ಕಿ ಎಂದುಕೊಂಡ ತಂತ್ರಾಂಶಕ್ಕೆ 2.20 ಎಕರೆ, ಅಂದರೆ ಎರಡು ಎಕರೆ ಎಂಟು ಗುಂಟೆ. ಒತ್ತುವರಿಯಿಲ್ಲ, ಬೇಲಿ ಕದಲಿಲ್ಲ, ಹನ್ನೆರಡು ಗುಂಟೆ ಮಾಯ! ದಾಯಾದಿಗಳಿಗೂ ಸಾಧ್ಯವಾಗದ ಕೆಲಸ.

ಪಹಣಿಗಳ ತಪ್ಪು ಎಷ್ಟೋ ಸಲ ಕೈಬರಹದ ಪುಸ್ತಕದಲ್ಲೇ ಇತ್ತು, ಗಣಕವನ್ನೇಕೆ ದೂರುತ್ತೀರಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಸಣ್ಣ ಸಾಧನೆಯಲ್ಲ. ಜಮೀನಿನ ವಿಸ್ತೀರ್ಣದ ಕಾಲಂ 3 ಮತ್ತು ಮಾಲೀಕರ ಹೆಸರಿನ ವಿಸ್ತೀರ್ಣದ ಕಾಲಂ 9 ತಾಳೆಯಾಗದ ಪಹಣಿಗಳ ಗೋಳಿಗೆ ಅದೊಂದೇ ಹೊಣೆಯೂ ಅಲ್ಲ. ಆದರೆ ಪ್ರತಿ ದಾಖಲೆಯೂ ಒಮ್ಮೆ ಕಣ್ಣಮುಂದೆ ಹಾಯುವ ಅಪರೂಪದ ಸಂದರ್ಭ ವರ್ಗಾವಣೆ. ಆಗಲೇ ತಾಳೆ ನೋಡದಿದ್ದರೆ, ಆಮೇಲೆ ತಾಲ್ಲೂಕು ಕಚೇರಿಗೆ ಅಲೆಯುವವನು ರೈತ, ಗುತ್ತಿಗೆದಾರನಲ್ಲ.

ಕನ್ನಡದ ಕಡತಗಳಿಗೆ ಯುನಿಕೋಡ್ ಪರಿವರ್ತಕವಿದೆಯಲ್ಲ, ಗುಂಡಿ ಒತ್ತಿದರಾಯಿತು ಎಂಬುದು ಇನ್ನೊಂದು ಸಮಾಧಾನ. ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಲ್ಲೇ ಬಿಡಾರ ಹೂಡಿದ್ದವು. ಯಾವ ಪದ ಯಾವ ಫಾಂಟಿನಲ್ಲಿತ್ತು ಎಂಬ ಗುರುತು ಕಳಚಿದ ಮೇಲೆ, ನಡುವಿದ್ದ ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ಬಗೆದು ಯಾರೂ ಉಚ್ಚರಿಸಲಾಗದ ಒತ್ತಕ್ಷರ ಮಾಡುತ್ತದೆ. ಇದನ್ನು ಕನ್ನಡ ಅನುಷ್ಠಾನವೆಂದು ವರದಿ ಮಾಡದಿದ್ದರೆ ಸಾಕು.

ಹಳೆಯದನ್ನು ಹೊಸದಕ್ಕೆ ಸಾಗಿಸುವ ಕ್ರಮ ನಮ್ಮ ಸೀಮೆಗೆ ಅಪರಿಚಿತವೂ ಅಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟವಾಗಿ ತಂದಾಗ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಅಚ್ಚುಹಾಕಿಸಿದರು, ಬೇಲೂರು, ಅರಸೀಕೆರೆ ಎಂದು ತಾಲ್ಲೂಕುವಾರು ಸಂಖ್ಯೆ ಕೊಟ್ಟರು. ಅನುವಾದದ ಬಗ್ಗೆ ಅನುಮಾನ ಬಂದರೆ ಪಾಠ ನೋಡಬಹುದು. ಪಾಠದ ಬಗ್ಗೆಯೇ ಬಂದರೆ, ಉಳಿದಿರುವ ಕಲ್ಲಿನ ಮುಂದೆ ನಿಂತು ಓದಬಹುದು. ಒಂದು ಪ್ರತಿ ಸಿದ್ಧವಾಯಿತೆಂದು ಹಳೇಬೀಡಿನ ಕಲ್ಲನ್ನು ಗುಜರಿಗೆ ಹಾಕಿ ಎಂದು ರೈಸ್ ಬರೆಯಲಿಲ್ಲ. ತಮ್ಮ ಟೆಂಡರಿನಲ್ಲಿ ‘ಹಳೆಯ ಯಂತ್ರ ವಿಲೇವಾರಿ’ಯೂ ಒಂದು ಬಾಬ್ತು.

ಮುಂದಿನ ಟೆಂಡರಿಗೆ ಮೂರು ಸಾಲು ಸೇರಿಸಿ. ಅಂಕಣಗಳ ವಿವರಪಟ್ಟಿ ದಾಖಲೆಯ ಜೊತೆಗೇ ಬರಬೇಕು. ವರ್ಗಾವಣೆಗೆ ಮುಂಚಿನ ಮತ್ತು ನಂತರದ ಒಟ್ಟು ಮೊತ್ತ, ಒಟ್ಟು ವಿಸ್ತೀರ್ಣ ತಾಳೆಯಾಗಬೇಕು. ಮೂಲ ಪ್ರತಿ ಉಳಿಯಬೇಕು. ಈ ಮೂರೂ ಆಗುವವರೆಗೆ ಗುತ್ತಿಗೆದಾರರ ಬಿಲ್ಲಿಗೆ ದಯವಿಟ್ಟು ಸಹಿ ಹಾಕಬೇಡಿ.