ಪಿಕ್ಸೆಲ್ ಭಾವ

ಲ್ಯಾಪ್‌ಟಾಪ್ ತಗೋಬೇಕು ಅಂತ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ಅವರು ಪ್ರತ್ಯಕ್ಷ. ಕರೆಯಲೇಬೇಕೆಂದಿಲ್ಲ. ನಮ್ಮ ಮನೆತನದಲ್ಲಿ ಈ ಪಟ್ಟ ಅಕ್ಕನ ಗಂಡನದು. ನಿಮ್ಮಲ್ಲಿ ಅದು ಸೋದರಮಾವನ ಮಗನದೋ, ಮೇಲಿನ ಮಹಡಿಯ ಬಾಡಿಗೆದಾರರದೋ ಇದ್ದೀತು. ಹೆಸರು, ನಂಟು ಬೇರೆ ಇರಬಹುದು, ಕೇಳುವ ಮೊದಲ ಪ್ರಶ್ನೆ ಮಾತ್ರ ಒಂದೇ: "ರೆಸಲ್ಯೂಷನ್ ಎಷ್ಟು?"

ಬೆಲೆ ಎಷ್ಟು, ಏನು ಕೆಲಸಕ್ಕೆ, ಯಾರು ಬಳಸುತ್ತಾರೆ ಎಂಬ ಕ್ಷುಲ್ಲಕ ವಿಚಾರಗಳೆಲ್ಲ ಆಮೇಲೆ. ಪಿಯುಸಿಗೆ ಸೇರಿದ ಹುಡುಗಿಗೆ ಆನ್‌ಲೈನ್ ಪಾಠ ಕೇಳಲಿಕ್ಕೆ ಬೇಕಿತ್ತು ಎಂದರೂ, ಸಂಘದ ಲೆಕ್ಕ ಬರೆಯಲಿಕ್ಕೆ ಎಂದರೂ ಭಾವ ಕಣ್ಣು ಅರ್ಧ ಮುಚ್ಚಿ, ನಾಡಿ ಹಿಡಿದ ಗತ್ತಿನಲ್ಲಿ ಹೇಳುವುದು ಇಷ್ಟೇ: "4ಕೆ ಇಲ್ಲದಿದ್ರೆ ತಗೊಳ್ಳೋದೇ ಬೇಡ ಕಣಯ್ಯಾ. ಸುಮ್ನೆ ದುಡ್ಡು ದಂಡ."

ಈ ಕುಲ ಹೊಸದಲ್ಲ. ಟೇಪ್‌ರೆಕಾರ್ಡರ್ ಕಾಲದಲ್ಲಿ ಇವರೇ ಡಬ್ಬದ ಮೇಲಿನ ಪಿಎಂಪಿಒ ವ್ಯಾಟುಗಳನ್ನು ಎಣಿಸುತ್ತ ಕೂತಿದ್ದರು. ಪೆಂಟಿಯಮ್ ಬಂದಾಗ ಮೆಗಾಹರ್ಟ್ಸ್ ಎಣಿಸಿದರು, ಡಿಜಿಟಲ್ ಕ್ಯಾಮೆರಾ ಬಂದಾಗ ಮೆಗಾಪಿಕ್ಸೆಲ್. ಹಾಡು ಹೇಗಿತ್ತು, ಫೋಟೋದಲ್ಲಿ ಯಾರಿದ್ದರು ಎಂದು ಕೇಳಿದವರಿಗೆ ಇವರಿಂದ ಉತ್ತರ ಸಿಕ್ಕಿದ ದಾಖಲೆಯಿಲ್ಲ.

ಭಾವನಿಗೆ ಕಂಠಪಾಠವಾಗಿರುವ ಮಗ್ಗಿ ಮೂರೇ ಸಾಲಿನದು. ಮೊದಲನೆಯದು 1366 ಗುಣಿಲೆ 768. ಒಟ್ಟು ಹತ್ತು ಲಕ್ಷ ಚಿಲ್ಲರೆ ಪಿಕ್ಸೆಲ್. ಇದನ್ನು ಅವರು ಬಡತನ ರೇಖೆ ಎನ್ನುತ್ತಾರೆ. ಎರಡನೆಯದು 1920 ಗುಣಿಲೆ 1080, ಅಂದರೆ ಫುಲ್ ಎಚ್‌ಡಿ. ಇಪ್ಪತ್ತು ಲಕ್ಷ ದಾಟುತ್ತದೆ. ಇದು ಮಧ್ಯಮ ವರ್ಗ, ಅನುಕಂಪಕ್ಕೆ ಅರ್ಹ. ಮೂರನೆಯದು 3840 ಗುಣಿಲೆ 2160, ಅದೇ 4ಕೆ. ಇದರ ಮೊತ್ತವನ್ನು ಹೇಳುವಾಗ ಅವರ ದನಿಯೇ ಬೇರೆ: "ಎಂಬತ್ತೆರಡು ಲಕ್ಷದ, ತೊಂಬತ್ನಾಲ್ಕು ಸಾವಿರದ, ನಾನೂರು." ಕೊನೆಯ ನಾನೂರನ್ನು ಒಮ್ಮೆಯೂ ಬಿಟ್ಟದ್ದಿಲ್ಲ.

ಅವರ ಪ್ರಾತ್ಯಕ್ಷಿಕೆ ನೋಡಬೇಕು. ಯಾವುದೋ ಗೃಹಪ್ರವೇಶದ ಮನೆ. ಊಟಕ್ಕೆ ಎಲೆ ಹಾಕುವುದು ತಡವಾಗಿದೆ. ಮನೆಯವರ ಹುಡುಗ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಾನೆ, ಪಾಪ, ಅದು ಬಡತನ ರೇಖೆಯದು. ಭಾವ ಪಕ್ಕದಲ್ಲಿ ಕೂತು ನೀರಿನ ಲೋಟಕ್ಕೆ ತೋರುಬೆರಳು ಅದ್ದಿ, ಪರದೆಯ ಬಿಳಿ ಜಾಗದ ಮೇಲೆ ಒಂದೇ ಒಂದು ಹನಿ ಇಟ್ಟರು. ಹುಡುಗ ಹೌಹಾರಿದ. "ಹೆದರ್ಬೇಡ್ವೋ, ಹತ್ರ ಬಂದು ನೋಡು." ನೋಡಿದರೆ, ಬೆಳ್ಳಗಿದ್ದ ಜಾಗದಲ್ಲಿ ಹನಿಯ ಅಡಿಯಲ್ಲಿ ಕೆಂಪು, ಹಸಿರು, ನೀಲಿ ಗೆರೆಗಳು ಸಾಲಾಗಿ ನಿಂತಿವೆ. ಹನಿಯೇ ಭೂತಗನ್ನಡಿಯಾಗಿ, ಒಂದೊಂದು ಪಿಕ್ಸೆಲ್ಲಿನ ಮೂರು ತುಂಡುಗಳನ್ನೂ ಬಿಡಿಸಿ ತೋರಿಸುತ್ತಿದೆ. ನಿಜಕ್ಕೂ ಚೆಂದದ ನೋಟ, ಅದಕ್ಕೆ ಭಾವನನ್ನು ಮೆಚ್ಚಲೇಬೇಕು. "ಕಂಡ್ಯಾ ಸಂದು? ಇಷ್ಟಿಷ್ಟು ದಪ್ಪ ಸಂದು ಇಟ್ಕೊಂಡು ನೀನು ಅದು ಹೆಂಗೆ ಓದ್ತೀಯೋ!" ಅಲ್ಲಿಯತನಕ ಹಾಯಾಗಿ ಓದುತ್ತಿದ್ದ ಹುಡುಗನಿಗೆ ಅಂದಿನಿಂದ ಎಲ್ಲೆಲ್ಲೂ ಸಂದೇ ಕಾಣತೊಡಗಿತಂತೆ. ಪಾಯಸ ಬಡಿಸುವ ಹೊತ್ತಿಗೆ ಅವನ ತಂದೆ ಭಾವನ ಹತ್ತಿರ ಕಂತಿನ ವಿಚಾರ ವಿಚಾರಿಸುತ್ತಿದ್ದರು.

ಭಾವನ ಉಪನ್ಯಾಸದಲ್ಲಿ ಸ್ಟೀವ್ ಜಾಬ್ಸ್ ಪ್ರಸಂಗ ತಪ್ಪುವುದಿಲ್ಲ. 2010ರ ಜೂನ್‌ನಲ್ಲಿ ಐಫೋನ್ 4 ಹಿಡಿದು ಜಾಬ್ಸ್ ವೇದಿಕೆಗೆ ಬಂದರು. ಇಂಚಿಗೆ 326 ಪಿಕ್ಸೆಲ್, ಹೆಸರು ರೆಟಿನಾ. ಮನುಷ್ಯನ ಕಣ್ಣಿನ ಮಿತಿ 300ರ ಆಸುಪಾಸು, ಅದನ್ನು ನಾವು ದಾಟಿದ್ದೇವೆ ಎಂದರು. ಭಾವ ಇಲ್ಲಿಗೆ ಮಂಗಳ ಹಾಡಿಬಿಡುತ್ತಾರೆ. ಆದರೆ ಜಾಬ್ಸ್ ಇನ್ನೊಂದು ಮಾತನ್ನೂ ಹೇಳಿದ್ದರು: ಫೋನನ್ನು ಹತ್ತು ಹನ್ನೆರಡು ಇಂಚು ದೂರದಲ್ಲಿ ಹಿಡಿದಾಗಿನ ಲೆಕ್ಕ ಅದು. ಲ್ಯಾಪ್‌ಟಾಪನ್ನು ಯಾರೂ ಮೂಗಿಗೆ ಆನಿಸಿಕೊಂಡು ಓದುವುದಿಲ್ಲ. (ಭಾವನ ಮಾತು ಬೇರೆ.) ಎರಡು ವರ್ಷದ ಮೇಲೆ, 2012ರಲ್ಲಿ, ಅದೇ ಕಂಪನಿ ಅದೇ ರೆಟಿನಾ ಹೆಸರಿನಲ್ಲಿ 15 ಇಂಚಿನ ಮ್ಯಾಕ್‌ಬುಕ್ ಪ್ರೊ ತಂದಾಗ ಇಂಚಿಗೆ 220 ಪಿಕ್ಸೆಲ್ ಇಟ್ಟು ಸುಮ್ಮನಾಯಿತು. ಪರದೆ ಹಿಂದೆ ಸರಿದಷ್ಟೂ ಕಣ್ಣು ಬೇಡುವುದು ಕಡಿಮೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ಸೂಕ್ಷ್ಮವನ್ನು ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲದು. ಎರಡು ಅಡಿ ದೂರಕ್ಕೆ ಅದು ಮಿಲಿಮೀಟರಿನಲ್ಲಿ 0.18ರ ಹತ್ತಿರ. 15.6 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದು ಪಿಕ್ಸೆಲ್ ಎಷ್ಟಗಲ ಗೊತ್ತೇ? ಅದೂ 0.18. ಸ್ವಲ್ಪ ಬಾಗಿ ಕೂತು, ಒಂದೂವರೆ ಅಡಿಯಿಂದ ಓದುವವರಿಗೆ ಇದಕ್ಕಿಂತ ನುಣುಪು ಬೇಕಾದೀತು, ಅಕ್ಷರದ ಅಂಚು ಒರಟಾಗಿದ್ದರೆ ಕಣ್ಣು ಬಲುಬೇಗ ಪತ್ತೆ ಹಚ್ಚುತ್ತದೆ ಎನ್ನುವುದೂ ನಿಜ. ಅದಕ್ಕೆ ಇಂಚಿಗೆ 200ರ ಆಸುಪಾಸು ಧಾರಾಳ. ಭಾವನ 14 ಇಂಚಿನ 4ಕೆ ಯಂತ್ರದಲ್ಲಿ ಇರುವುದು ಇಂಚಿಗೆ 315. ಜಾಬ್ಸ್ ಫೋನಿಗೆ ಹೇಳಿದ 300ರ ಮಿತಿಗಿಂತಲೂ ಒಂದು ಕೈ ಜಾಸ್ತಿ.

ಇನ್ನು ಭಾವನ ಕಣ್ಣು. ಅವರಿಗೆ ಐವತ್ತು ಸಮೀಪಿಸಿದೆ. ಹೋಟೆಲಿನ ಮೆನು ಕಾರ್ಡನ್ನು ಕೈ ನೀಡಿದಷ್ಟು ದೂರ ಹಿಡಿದು, ಅದೂ ಸಾಲದೆ ಕತ್ತನ್ನು ಹಿಂದಕ್ಕೆಳೆದು ಓದುತ್ತಾರೆ. ಚಾಳೀಸು ಮಾಡಿಸಿಕೊಳ್ಳಿ ಎಂದು ಅಕ್ಕ ಹೇಳಿದರೆ, "ನನಗೇನು ವಯಸ್ಸಾಗಿದ್ಯಾ?" ಎಂದು ಸಿಡುಕುತ್ತಾರೆ. ಹಾಗಾಗಿ 4ಕೆ ಲ್ಯಾಪ್‌ಟಾಪ್ ತಂದ ದಿನ ಅದರಲ್ಲಿ ಅಕ್ಷರಗಳು ಸಾಸಿವೆಯಷ್ಟಾಗಿ ಕಂಡಾಗ ಅವರು ಮಾಡಿದ ಮೊದಲ ಕೆಲಸ, ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲವನ್ನೂ 300 ಪರ್ಸೆಂಟ್ ದೊಡ್ಡದು ಮಾಡಿದ್ದು.

ಇದರ ಫಲವನ್ನು ಕೂಡಿಸಿ ಕಳೆಯಿರಿ. 3840ನ್ನು ಮೂರರಿಂದ ಭಾಗಿಸಿದರೆ 1280. 2160ನ್ನು ಭಾಗಿಸಿದರೆ 720. ಅಕ್ಷರ ನುಣ್ಣಗಾಯಿತು, ಒಪ್ಪೋಣ. ಆದರೆ ಪರದೆಯ ಮೇಲೆ ಕೆಲಸಕ್ಕೆ ಸಿಗುವ ಜಾಗ 1280 ಗುಣಿಲೆ 720, ಅಂದರೆ ಬಡತನ ರೇಖೆಗಿಂತ ಕೆಳಗೆ! ಇದನ್ನು ಮೊದಲು ಕಂಡುಹಿಡಿದವಳು ಅಕ್ಕ. ಅವಳು ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ಒಂದು ದಿನ ಎಕ್ಸೆಲ್ ತೆರೆದು ಕೂತವಳು ಅಡುಗೆಮನೆಗೆ ಕೇಳುವಂತೆ ಕೂಗಿದಳು: "ಏನ್ರೀ, ನನ್ನ ಹಳೇದ್ರಲ್ಲಿ ಏಪ್ರಿಲ್‌ನಿಂದ ಮಾರ್ಚ್ ತನಕ ಒಟ್ಟಿಗೇ ಕಾಣ್ತಿತ್ತು. ನಿಮ್ಮ ಈ ದೊಡ್ಡ ಮಿಷನ್ನಿನಲ್ಲಿ ಫೆಬ್ರವರಿಗೇ ವರ್ಷ ಮುಗಿದೋಗತ್ತಲ್ಲ?" ಮೂರು ಎಕರೆ ಜಮೀನು ಬರೆಸಿಕೊಂಡು, ನಡುವೆ ಒಂದು ತುಳಸಿಕಟ್ಟೆ ಕಟ್ಟಿ, ಉಳಿದದ್ದಕ್ಕೆಲ್ಲ ನುಣ್ಣಗೆ ಗಾರೆ ಬಳಿಸಿದ ಹಾಗಾಯಿತು ಎಂದು ನಾನಂದೆ. ಭಾವ ನನ್ನನ್ನು ನೋಡಿದ ನೋಟದಲ್ಲಿ ಎಂಬತ್ತೆರಡು ಲಕ್ಷ ಪಿಕ್ಸೆಲ್ಲುಗಳೂ ಉರಿಯುತ್ತಿದ್ದವು.

ಉರಿಯುವುದು ಎಂದಾಗ ಬ್ಯಾಟರಿ ನೆನಪಾಗುತ್ತದೆ. ಸೆಕೆಂಡಿಗೆ ಅರವತ್ತು ಸಲ ಇಡೀ ಪರದೆಗೆ ಹೊಸದಾಗಿ ಬಣ್ಣ ಹಚ್ಚಬೇಕು. 4ಕೆಯಲ್ಲಿ ಅದು ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕಿಯ ಚಾಕರಿ. ಸಾಲದ್ದಕ್ಕೆ, ಎಲ್‌ಸಿಡಿಯಲ್ಲಿ ಪಿಕ್ಸೆಲ್ ಸಣ್ಣದಾದಷ್ಟೂ ಅದರೊಳಗಿನ ತಂತಿ, ಟ್ರಾನ್ಸಿಸ್ಟರ್‌ಗಳೇ ಹೆಚ್ಚು ಪಾಲು ಜಾಗ ತಿಂದು ಬೆಳಕಿಗೆ ಅಡ್ಡ ನಿಲ್ಲುತ್ತವೆ. ಅಷ್ಟೇ ಬೆಳಕು ಹೊರಬರಬೇಕಾದರೆ ಹಿಂದಿನ ದೀಪ ಇನ್ನಷ್ಟು ಉರಿಯಬೇಕು. ಶಿವಮೊಗ್ಗದ ಜನಶತಾಬ್ದಿಯಲ್ಲಿ ಭಾವನ ಜೊತೆ ಹೋದವರಿಗೆ ಇದೆಲ್ಲ ವಿವರಿಸಬೇಕಿಲ್ಲ. ಯಶವಂತಪುರ ಬಿಟ್ಟೊಡನೆ "4ಕೆಯಲ್ಲಿ ಸಿನಿಮಾ ತೋರಿಸ್ತೀನಿ ಬಾ" ಎಂದು ಶುರು ಮಾಡಿದರು. ತಿಪಟೂರಿನ ತೆಂಗಿನ ತೋಟಗಳ ನಡುವೆ ನೆಟ್‌ವರ್ಕ್ ಕೈಕೊಟ್ಟಿತು. ಚಿತ್ರ ತಾನಾಗಿಯೇ 480ಕ್ಕೆ ಇಳಿಯಿತು. ನಾಯಕಿಯ ಮುಖ ಎಂಬತ್ತೆರಡು ಲಕ್ಷ ಪಿಕ್ಸೆಲ್ಲಿನ ಪರದೆಯ ಮೇಲೆ ಕಲಸಿದ ರಂಗೋಲಿಯಾಗಿತ್ತು. ಬೀರೂರು ಬರುವಷ್ಟರಲ್ಲಿ ಬ್ಯಾಟರಿಯೂ ಕಣ್ಣುಮುಚ್ಚಿತು. ಎದುರು ಸೀಟಿನ ಅಜ್ಜಿ ಮೊಮ್ಮಗನ ಫೋನಿನಲ್ಲಿ ಅದೇ ಸಿನಿಮಾವನ್ನು, ಮೊದಲೇ ಡೌನ್‌ಲೋಡ್ ಮಾಡಿಟ್ಟದ್ದನ್ನು, ಶಿವಮೊಗ್ಗದ ತನಕ ನೋಡಿದರು.

ಭಾವ ಎಂದೂ ಕೇಳದ ಪ್ರಶ್ನೆಗಳಿವೆ. ಪರದೆ ಎಷ್ಟು ನಿಟ್ಸ್ ಬೆಳಕು ಕೊಡುತ್ತದೆ? ಕಿಟಕಿಯ ಪಕ್ಕ ಕೂತರೆ ಅಕ್ಷರ ಕಾಣುತ್ತದೋ, ನಮ್ಮದೇ ಮುಖ ಕಾಣುತ್ತದೋ? ಬಣ್ಣ ಬಣ್ಣವಾಗಿ ಇದೆಯೋ, ಒಗೆದು ಒಗೆದು ಮಾಸಿದಂತಿದೆಯೋ? ಅಗ್ಗದ ಯಂತ್ರಗಳಲ್ಲಿ 250 ನಿಟ್ಸ್ ಇಟ್ಟಿರುತ್ತಾರೆ. ನಮ್ಮೂರಿನ ಬಿಸಿಲಿಗೆ ಜಗುಲಿಯಲ್ಲಿ ಕೂತು ಕೆಲಸ ಮಾಡುವವನಿಗೆ ಅದು ಸಾಲದು. ನನ್ನನ್ನು ಕೇಳಿದರೆ, ಹತ್ತಿರ ಹತ್ತಿರ 400 ನಿಟ್ಸ್ ಇರುವ, ಹೊಳಪಿಲ್ಲದ ಮ್ಯಾಟ್ ಪರದೆಯ ಫುಲ್ ಎಚ್‌ಡಿಯನ್ನು ಕಣ್ಣುಮುಚ್ಚಿ ತಗೊಳ್ಳಬಹುದು. ಆದರೆ ಕೇಳುವವರ್ಯಾರು? 400 ಎಲ್ಲಿ, ಎಂಬತ್ತೆರಡು ಲಕ್ಷ ಎಲ್ಲಿ!

ಇಷ್ಟೆಲ್ಲ ಅಂದಮೇಲೆ ಚಿಕ್ಕಪ್ಪನ ಕತೆಯನ್ನೂ ಹೇಳಬೇಕು. ಹೇಳದಿದ್ದರೆ ಭಾವನಿಗೆ ಅನ್ಯಾಯವಾದೀತು.

ಚಿಕ್ಕಪ್ಪ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದವರು. ಈಗಲೂ ಮನೆಗೆ ಕರಡು ಬರುತ್ತದೆ, ಕಾಗದದಲ್ಲಲ್ಲ, ಪಿಡಿಎಫ್‌ನಲ್ಲಿ. ಹಳೆಯ ಲ್ಯಾಪ್‌ಟಾಪ್ ಕೆಟ್ಟಿತು. ಭಾವ ಕರೆಯದೇ ಬಂದರು. ಮೂವರೂ ಎಸ್.ಪಿ. ರೋಡಿಗೆ ಹೋದೆವು. ಅಂಗಡಿಯಲ್ಲಿ ಭಾವ ಒಂದೊಂದು ಪರದೆಗೂ ಮೂಗು ತಾಗಿಸುತ್ತ ಸಾಗಿದರೆ, ಚಿಕ್ಕಪ್ಪ ಜೇಬಿನಿಂದ ಪೆನ್‌ಡ್ರೈವ್ ತೆಗೆದು, "ಇದರಲ್ಲಿರೋ ಪುಟ ಎಲ್ಲದರಲ್ಲೂ ತೆಗೆದು ತೋರಿಸಪ್ಪ" ಎಂದು ಹುಡುಗನಿಗೆ ಕೊಟ್ಟರು. ಪುಟದಲ್ಲಿ ಇದ್ದದ್ದು ಚಿಕ್ಕ ಅಕ್ಷರದ ಪದಗಳು: ರಾಷ್ಟ್ರ, ವೈಶಿಷ್ಟ್ಯ, ಲಕ್ಷ್ಮ್ಯಾ, ಸ್ತ್ರೀ. ಕೆಳಗೆ ಒಂದು ಸಾಲಿನಲ್ಲಿ ದ, ಧ, ಥ. ಇನ್ನೊಂದರಲ್ಲಿ ಪ, ಫ, ಷ.

ಪ್ರೂಫ್ ನೋಡುವವರಿಗೆ ಮಾತ್ರ ಹೊಳೆಯುವ ಪರೀಕ್ಷೆ ಅದು. ಕನ್ನಡದಲ್ಲಿ ಎಷ್ಟೋ ಮಹಾಪ್ರಾಣಗಳು ನಿಂತಿರುವುದೇ ಒಂದು ಸೀಳಿನ ಮೇಲೆ. ಸೀಳು ಹೋದರೆ ಧ ದ ಆಗುತ್ತದೆ, ಭ ಬ ಆಗುತ್ತದೆ. ಥದ ಹೊಟ್ಟೆಯಲ್ಲಿ ಒಂದು ಚುಕ್ಕಿ, ಷದ ಹೊಟ್ಟೆಯಲ್ಲಿ ಒಂದು ಗೀಟು. ಸಾಧಾರಣ ಪರದೆಯಲ್ಲಿ 11 ಪಾಯಿಂಟಿನ ಅಕ್ಷರಕ್ಕೆ ಸಿಗುವ ಎತ್ತರ ಹದಿನೈದು ಪಿಕ್ಸೆಲ್. ತಲೆಕಟ್ಟು, ಅಕ್ಷರ, ಟ ಒತ್ತು, ಅದರ ಪಕ್ಕದ ರ ಒತ್ತು ಎಲ್ಲ ಅಷ್ಟರಲ್ಲೇ ಮುಗಿಯಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತುಂಗಾ ಫಾಂಟಿನಲ್ಲಿ ಕನ್ನಡ ಓದಿದವರಿಗೆ ಒತ್ತಕ್ಷರ ಎಂದರೆ ಸಾಲಿನ ಕೆಳಗಿನ ಕಪ್ಪು ಮಚ್ಚೆ ಎಂದೇ ಪರಿಚಯ, ಮಿಕ್ಕದ್ದು ಊಹೆ. ಆ ಊಹೆಯ ಮೇಲೆಯೇ ಒಂದು ಸ್ಮರಣ ಸಂಚಿಕೆಯಲ್ಲಿ ಅನಾಥಾಲಯಕ್ಕೆ ದನಸಹಾಯ ಮಾಡಿದ ದಾನಿಗಳ ಪಟ್ಟಿ ಅಚ್ಚಾದದ್ದನ್ನು ಚಿಕ್ಕಪ್ಪ ಇಂದಿಗೂ ನೆನೆಯುತ್ತಾರೆ.

ಬಡತನ ರೇಖೆಯ ಯಂತ್ರದಲ್ಲಿ ವೈಶಿಷ್ಟ್ಯದ ಟ್ಯ ಕಲಸಿಹೋಗಿತ್ತು. ಫುಲ್ ಎಚ್‌ಡಿಯಲ್ಲಿ ಕಂಡಿತು, ಆದರೆ ಥದ ಚುಕ್ಕಿಗೆ ಕಣ್ಣು ಕಿರಿದು ಮಾಡಬೇಕಾಯಿತು. 2560 ಗುಣಿಲೆ 1600ರ 14 ಇಂಚಿನ ಒಂದು ಮ್ಯಾಟ್ ಪರದೆಯ ಮುಂದೆ ಚಿಕ್ಕಪ್ಪ ನಿಂತುಬಿಟ್ಟರು. ಕನ್ನಡಕ ಸರಿಮಾಡಿಕೊಂಡು, ಸಾಲಿನ ಕೆಳಗೆ ಕಿರುಬೆರಳು ಓಡಿಸುತ್ತ, "ಹಾಂ, ಇಲ್ಲಿ ಷ ಷ ಆಗಿದೆ" ಎಂದರು. ಪಕ್ಕದ 4ಕೆಯಲ್ಲೂ ನೋಡಿದರು. ಅಲ್ಲೂ ಷ ಷ ಆಗಿಯೇ ಇತ್ತು. ಅದಕ್ಕಿಂತ ಹೆಚ್ಚಿನ ಷ ಆಗಿರಲಿಲ್ಲ. ಬೆಲೆಯ ಚೀಟಿ ಮಾತ್ರ ಬೇರೆ ಇತ್ತು.

"ಇದನ್ನೇ ಕೊಡಪ್ಪ, ಬ್ಯಾಗು, ಮೌಸು ಸೇರಿಸಿ," ಎಂದು ಚಿಕ್ಕಪ್ಪ ಚೌಕಾಶಿಗೆ ಇಳಿದರು. ಭಾವ, "ಮಾವ, ಇನ್ನೊಂದ್ಸಲ ಯೋಚನೆ ಮಾಡಿ, ನಾಳೆ 8ಕೆ ಬಂದ್ರೆ ಇದು ಯಾವ ಮೂಲೆಗೆ?" ಎಂದು ಗೋಗರೆದರು. ಅಂದು ಸಂಜೆಯೇ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ, ಮಾವನಿಗೆ ಹೈ ರೆಸಲ್ಯೂಷನ್ ಕೊಡಿಸಿದ್ದು ನಾನೇ ಎಂದು ಪ್ರಕಟಿಸಿದರು. ಜೊತೆಗೆ ಹಾಕಿದ ಫೋಟೋವನ್ನು ವಾಟ್ಸ್ಯಾಪ್ ಹಿಂಡಿ ಹಿಪ್ಪೆ ಮಾಡಿತ್ತು.

ಆ ಹೊಸ ಪರದೆಯ ಮೇಲೆ ಚಿಕ್ಕಪ್ಪ ತೆರೆದ ಮೊದಲ ಕಡತ ಭಾವನ ಮಗನ ಉಪನಯನದ ಆಮಂತ್ರಣ. ಭಾವನೇ ತಮ್ಮ 4ಕೆಯಲ್ಲಿ ಮೂರು ರಾತ್ರಿ ಕೂತು, ಅಂಚಿನ ಬಳ್ಳಿಯ ಎಲೆಎಲೆಯನ್ನೂ ಹಿಗ್ಗಿಸಿ ನೋಡಿ ವಿನ್ಯಾಸ ಮಾಡಿದ್ದರು; ಅಚ್ಚಿಗೂ ಕೊಟ್ಟಾಗಿತ್ತು. ಚಿಕ್ಕಪ್ಪ ಒಂದು ನಿಮಿಷ ನೋಡಿ ಫೋನ್ ಮಾಡಿದರು.

"ಅಳಿಯಂದಿರೇ, ಬೋಜನ ಅಂತಿದೆಯಲ್ಲ, ಭಕ್ಕೆ ಸೀಳು ಎಲ್ಲಿ ಹೋಯ್ತು? ಉಪನಯನ ಭಾನುವಾರ ಅಂದಿದ್ರಿ, ಇಲ್ಲಿ ಶನಿವಾರ ಅಂತಿದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದಿರಬೇಕು. ಆಮೇಲೆ ಭಾವನ ದನಿ ಬಂತು, ಸ್ವಲ್ಪವೂ ಕುಗ್ಗದೆ:

"ತಪ್ಪೇನೋ ತಪ್ಪೇ ಮಾವ. ಆದ್ರೆ ಎಷ್ಟು ಶಾರ್ಪ್ ಆಗಿ ಕಾಣ್ತಿದೆ ನೋಡಿ!"